ಬೋರ್ಡಿನ ಮೇಲಿದ್ದ ಸರೋಜ

ಕೆಲವರಿಗೆ ಬೆಟ್ಟ ಕಂಡರೆ ಮನಸ್ಸು ತೇಲುತ್ತದಂತೆ, ಇನ್ನು ಕೆಲವರಿಗೆ ಹರಿಯುವ ನೀರು ಕಂಡರೆ. ನನಗೆ ಬೋರ್ಡು. ಹೇಳಿಕೊಳ್ಳುವಂಥ ಗುಣವೇನಲ್ಲ, ಗೊತ್ತು. ಆದರೂ ರಸ್ತೆಯ ಪಕ್ಕದಲ್ಲಿ ಒಂದು ಫಲಕ ನಿಂತಿದ್ದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಬರೆದಿರುವುದನ್ನು ಓದಿ ಮುಗಿಸಿದ ಮೇಲೂ ಅಲ್ಲೇ ಇರುತ್ತೇನೆ. 'ಮುಂದೆ ತಿರುವು ಇದೆ' ಎಂದಿದ್ದರೆ ಆ ತಿರುವಿನಾಚೆ ಏನಿರಬಹುದು ಎಂಬ ಯೋಚನೆ. 'ನಿಧಾನವಾಗಿ ಚಲಿಸಿ' ಎಂದಿದ್ದರೆ ಯಾರೋ ನನ್ನ ಸ್ವಭಾವ ಬಲ್ಲವರೇ ಬರೆಸಿದ್ದಾರೆಂಬ ಸಂತೋಷ. ತರಕಾರಿಗೆಂದು ಹೋದವಳು 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಫಲಕದ ಕೆಳಗೆ ನಾನೇ ಒಂದು ವಾಹನದಂತೆ ನಿಂತು, ಚೀಲದಲ್ಲಿದ್ದ ಸೊಪ್ಪನ್ನು ಬಾಡಿಸಿಕೊಂಡು ಮನೆಗೆ ಬಂದದ್ದುಂಟು. ನನ್ನ ಯಜಮಾನರು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎಸೆಯುವ ಕೆಲಸದಲ್ಲಿದ್ದವರು. ಆ ಸೊಪ್ಪನ್ನು ಅವರು ಎತ್ತಿ ನೋಡುವ ರೀತಿಯಲ್ಲೇ ನನಗೆ ತಿಳಿಯುತ್ತಿತ್ತು, ಕಾರ್ಖಾನೆಯಲ್ಲಾಗಿದ್ದರೆ ನಾನು ಯಾವ ಡಬ್ಬಕ್ಕೆ ಬೀಳಬೇಕಾದ ಮಾಲು ಎಂದು.

ಇದು ತೊಂಬತ್ತರ ದಶಕದ ನಡುವಿನ ಮಾತು. ದಾವಣಗೆರೆ ಕಡೆಯಿಂದ ಬಂದ ನಾವು ಹೊಸೂರು ರಸ್ತೆಯಿಂದ ಒಳಗೆ, ಮುನಿವೆಂಕಟಪ್ಪ ಬಡಾವಣೆಯ ಎರಡನೇ ಅಡ್ಡರಸ್ತೆಯಲ್ಲಿ ಬಾಡಿಗೆಗಿದ್ದೆವು. ಮುನಿವೆಂಕಟಪ್ಪ ಎಂದರೆ ದೇಶಕ್ಕಾಗಿ ಜೈಲಿಗೆ ಹೋದವರಲ್ಲ. ತಮ್ಮ ರಾಗಿ ಹೊಲವನ್ನು ಸೈಟುಗಳಾಗಿ ಕತ್ತರಿಸಿ ಮಾರಿ, ಹೆಸರೊಂದನ್ನು ಮಾರದೆ ಅಲ್ಲೇ ಉಳಿಸಿ, ನೆಮ್ಮದಿಯಿಂದ ಕಣ್ಣು ಮುಚ್ಚಿದ ಹಿರಿಯರು. ಅವರ ಮಗ ನಂಜಪ್ಪನವರು ನಮ್ಮ ಮನೆಯ ಮಾಲೀಕರು. ಕೆಳಗೆ ನಾವು, ಮಹಡಿಯಲ್ಲಿ ಅವರು. ಸಂಜೆಯ ಹೊತ್ತು ಆ ಬಡಾವಣೆ ನೋಡಲು ಬಲು ಚೆನ್ನಾಗಿರುತ್ತಿತ್ತು. ಖಾಲಿ ಸೈಟುಗಳಲ್ಲಿ ಯಾರೂ ಬಿತ್ತದ ರಾಗಿ ಅಲ್ಲೊಂದು ಇಲ್ಲೊಂದು ತಾನಾಗಿ ಎದ್ದು, ಹೊಲ ಮಾರಿದ ಸುದ್ದಿ ಇನ್ನೂ ತನಗೆ ತಲುಪಿಲ್ಲವೆಂಬಂತೆ ತೂಗುತ್ತಿತ್ತು. ಅದರಾಚೆ ನೀಲಗಿರಿ ತೋಪು. ತೋಪಿನಾಚೆ ಕಾರ್ಖಾನೆಗಳ ತಗಡಿನ ಸೂರುಗಳ ಮೇಲೆ ಕೊನೆಯ ಬಿಸಿಲು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿತ್ತು. ಪಾಳಿ ಬಿಟ್ಟ ಸೈರನ್ನು ಅಷ್ಟು ದೂರದಿಂದ ಬರುವಾಗ ಅದರ ಒರಟೆಲ್ಲ ದಾರಿಯಲ್ಲೇ ಉದುರಿ, ಯಾರೋ ಯಾರನ್ನೋ ಊಟಕ್ಕೆ ಕರೆದಂತೆ ಕೇಳುತ್ತಿತ್ತು.

ನಮ್ಮ ಪಂಚಾಯ್ತಿ ಆಗಷ್ಟೇ ಮುನ್ಸಿಪಾಲ್ಟಿಯಾಗಿತ್ತು. ಆದ ಖುಷಿಗೆ ಅವರು ಮೊದಲು ಮಾಡಿದ್ದು ಎಲ್ಲ ಕಡೆ ಬೋರ್ಡು ನೆಟ್ಟಿದ್ದು. ನೀರು, ಚರಂಡಿ, ದೀಪ ಇವೆಲ್ಲ ಆಮೇಲೆ ಬರತಕ್ಕವು. ಬಂದಾಗ ಎಲ್ಲಿಗೆ ಬರಬೇಕೆಂದು ಅವಕ್ಕೆ ಗೊತ್ತಾಗಬೇಕಲ್ಲ. ಅಡ್ಡರಸ್ತೆಗಳಿಗೆ ಎರಡು ಗಿಡ್ಡ ಕಾಲಿನ ಹಳದಿ ಸಿಮೆಂಟಿನ ಹಲಗೆ, ದೊಡ್ಡ ರಸ್ತೆಗೆ ಕಂಬದ ಮೇಲೆ ತಗಡಿನ ಫಲಕ. ಆದರೆ ನಮ್ಮಲ್ಲಿ ಬೋರ್ಡುಗಳ ಬಾಳು ಸುಖದ್ದಲ್ಲ. 'ಮುಂದೆ ಉಬ್ಬು ಇದೆ' ಎಂಬ ತಗಡು ಒಂದೇ ವಾರದಲ್ಲಿ ಒಬ್ಬರ ಕೋಳಿಗೂಡಿನ ಸೂರಾಯಿತು. ಮೊಟ್ಟೆಯಿಡುವ ಕೋಳಿಗಳಿಗೆ ಆ ಎಚ್ಚರಿಕೆ ಎಷ್ಟು ಉಪಯೋಗವಾಯಿತೋ ತಿಳಿಯದು. ಶಾಲೆಯ ಹತ್ತಿರದ ಬೋರ್ಡಿನ ಮಕ್ಕಳಿಬ್ಬರಿಗೂ ಯಾರೋ ಮೀಸೆ ಬರೆದರು. ಕೈಗಾರಿಕಾ ಪ್ರದೇಶಕ್ಕೆ ದಾರಿ ತೋರುವ ಬಾಣದ ಗುರುತನ್ನು ಇನ್ಯಾರೋ ತಿರುಗಿಸಿಬಿಟ್ಟರು, ಅದು ಕೆರೆಯ ಕಡೆ ನೋಡತೊಡಗಿತು. ಅಂದಿನಿಂದ ದೂರದೂರಿನ ಲಾರಿಗಳು ಕಬ್ಬಿಣ ಹೊತ್ತುಕೊಂಡು ಕೆರೆಯ ದಂಡೆಗೆ ಬರತೊಡಗಿದವು. ಚಾಲಕರು ಇಳಿದು, ನೀರನ್ನೂ ಕೊಕ್ಕರೆಗಳನ್ನೂ ಸ್ವಲ್ಪ ಹೊತ್ತು ನೋಡಿ, ಮುಖ ತೊಳೆದುಕೊಂಡು ವಾಪಸು ತಿರುಗುತ್ತಿದ್ದರು. ಒಬ್ಬನೂ ಬೈದದ್ದನ್ನು ನಾನು ಕಾಣೆ. ಆ ಬಾಣವನ್ನು ಸರಿಪಡಿಸಬೇಕೆಂದು ನನಗಂತೂ ಒಮ್ಮೆಯೂ ಅನ್ನಿಸಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲಿಗೆ ಹೊರಟವಳು ಎಂದಿನಂತೆ ತಿರುವಿನಲ್ಲಿ ನಮ್ಮ ಹಲಗೆಯ ಮುಂದೆ ನಿಂತೆ. ಮೇಲಿನ ಸಾಲಿನಲ್ಲಿ 'ಮುನಿವೆಂಕಟಪ್ಪ ಬಡಾವಣೆ'. ಅದರ ಕೆಳಗೆ '೨ನೇ ಅಡ್ಡರಸ್ತೆ'. ಅದರ ಕೆಳಗೆ, ಹಿಂದಿನ ಸಂಜೆಯವರೆಗೆ ಖಾಲಿಯಿದ್ದ ಜಾಗದಲ್ಲಿ, 'ಸರೋಜ ಐ ಲವ್ ಯೂ'. ಬರೆದದ್ದು ಡಾಂಬರಿನಲ್ಲಿ. ರಸ್ತೆ ರಿಪೇರಿಗೆಂದು ಬಂದವರು ಮೂಲೆಯಲ್ಲಿ ಡಾಂಬರಿನ ಪೀಪಾಯಿ ಇಟ್ಟು ರಸ್ತೆಯನ್ನು ಮರೆತುಹೋಗಿದ್ದರು. ಆ ಪೀಪಾಯಿ ಹೀಗೆ ಒಬ್ಬನ ಕೆಲಸಕ್ಕೆ ಬಂದಿತ್ತು. ಅಕ್ಷರಗಳು ಎಡಗಡೆ ಧೈರ್ಯವಾಗಿ ದಪ್ಪಗೆ ಶುರುವಾಗಿ, ಬಲಕ್ಕೆ ಹೋಗುತ್ತ ಜಾಗ ಸಾಲದೆ ಸಣ್ಣಗಾಗಿ, ಇಳಿಜಾರಿನಲ್ಲಿ ಜಾರಿಕೊಂಡು ಹೋಗಿದ್ದವು. ಕೊನೆಯ 'ಯೂ' ಹಲಗೆಯ ಅಂಚು ಹಿಡಿದು ನೇತಾಡುತ್ತಿತ್ತು. ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಇಡೀ ಊರು ಯಂತ್ರದ ಶಬ್ದದಲ್ಲಿ ಓಡಾಡುತ್ತಿರುವಾಗ ಒಬ್ಬನು ಕಡ್ಡಿಯೊಂದನ್ನು ಡಾಂಬರಿನಲ್ಲಿ ಅದ್ದಿ, ಒಂದು ಹೆಸರಿನ ಮುಂದೆ ಮಂಡಿಯೂರಿ ಕೂತಿದ್ದನಲ್ಲ ಎಂದುಕೊಂಡು, ಹಾಲಿನ ಡೈರಿ ಮುಚ್ಚುವವರೆಗೆ ನಿಂತೆ. ಆಮೇಲೆ ಮೇಲಿನಿಂದ ಇನ್ನೊಮ್ಮೆ ಓದಿದೆ. ಅಜ್ಜನ ಹೆಸರು, ವಿಳಾಸ, ಮೊಮ್ಮಗಳ ಹೆಸರು. ಅಂಚೆಗೆ ಹಾಕಿದ್ದರೂ ಸರಿಯಾದ ಮನೆಗೆ ತಲುಪುವಷ್ಟು ಪೂರ್ತಿಯಾಗಿತ್ತು. ಸರೋಜ ಎಂದರೆ ನಮ್ಮ ನಂಜಪ್ಪನವರ ಒಬ್ಬಳೇ ಮಗಳು.

ಬಿಸಿಲೇರುವ ಹೊತ್ತಿಗೆ ನಂಜಪ್ಪನವರು ಬೋರ್ಡು ನೋಡಿಬಂದು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಮ್ಮ ಹೊಸ್ತಿಲ ಹೊರಗೆ ಕೂತರು.

"ನೋಡುದ್ರಾ ಅಮ್ಮೋರೆ?"

"ನೋಡಿದೆ ನಂಜಪ್ಪನವರೇ. ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿದ್ರೆ ಹೋಗುತ್ತೆ. ಒಳಗಿದೆ, ಕೊಡ್ಲಾ?"

ಅವರು ನನ್ನನ್ನು ಮರುಕದಿಂದ ನೋಡಿದರು. "ನಾನ್ ಒರೆಸುದ್ರೆ ಏನಾಯ್ತದೆ ಗೊತ್ತಾ? ನಂಜಪ್ಪನ ಮಗಳ್ಗೇ ಬರ್ದಿರೋದು, ಅದ್ಕೇ ಓಡ್ಬಂದು ಒರೆಸ್ತಾವ್ನೆ ಅಂತಾರೆ. ಈ ಬೀದೀಲಿ ಸರೋಜ ಅಂತ ಇನ್ನೂ ಇಬ್ರವ್ರೆ. ಸೌದೆ ಡಿಪೋ ಮನೇಲಿ ಒಂದು, ಅದಿನ್ನೂ ತೊಟ್ಲಲ್ಲದೆ. ಇಟ್ಟಿನ ಗಿರಣಿಯೋನ ತಾಯಿ ಒಬ್ರು, ಅವ್ರ ಬಾಯಾಗೆ ಒಂದ್ ಅಲ್ಲೂ ಇಲ್ಲ. ಆ ಮನೆಯೋರೂ ಒರೆಸಾಕಿಲ್ಲ. ಯಾರ್ ಬಟ್ಟೆ ತಕೊಂಡೋಗ್ತಾರೋ ಅವ್ರ ಮನೇದೇ ಅಂತ ಆಯ್ತದೆ."

"ಹಾಗಾದ್ರೆ ಬೆಳಿಗ್ಗೆ ಯಾರೂ ಏಳೋಕೆ ಮೊದ್ಲು ನಾನೇ ಹೋಗಿ ಒರೆಸಿಬಿಡ್ತೀನಿ."

"ಈ ಊರಾಗೆ ಯಾರೂ ಎದ್ದಿರದ ಒತ್ತು ಯಾವ್ದು ಅಮ್ಮೋರೆ? ಒಂದ್ ಪಾಳಿಯೋರು ಓಗ್ತಿದ್ರೆ ಇನ್ನೊಂದ್ ಪಾಳಿಯೋರು ಬರ್ತಿರ್ತಾರೆ. ಮೂಲೇಲಿ ಬೋಂಡದ ರಾಮಣ್ಣ ಕಣ್ಬಿಟ್ಕೊಂಡು ಕೂತಿರ್ತಾನೆ. ನೀವ್ ನಮ್ಮನೇಲಿರೋರು. ನೀವ್ ಒರೆಸುದ್ರೂ ನಾನೇ ಕಳ್ಸಿದ್ದು ಅಂತಾರೆ."

ಅದು ನಿಜ. ಮೂರು ಪಾಳಿಯ ಊರಿನಲ್ಲಿ ಕಳ್ಳತನಕ್ಕೂ ಏಕಾಂತ ಸಿಕ್ಕುವುದಿಲ್ಲ. ಈ ಬರೆದವನಿಗೆ ಹೇಗೆ ಸಿಕ್ಕಿತೋ, ಪ್ರೀತಿಯ ಬಲವಿರಬೇಕು. "ಮತ್ತೆ ಯಾರು ಒರೆಸಬೇಕು?" ಎಂದೆ.

"ಸರ್ಕಾರ ಒರೆಸ್ಬೇಕು. ಸರ್ಕಾರಕ್ಕೆ ಎಣ್ಮಕ್ಳಿಲ್ಲ." ನಂಜಪ್ಪನವರು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ಮುನ್ಸಿಪಾಲ್ಟಿಗೆ ನೀವೇ ಒಂದ್ಮಾತು ಏಳಿ. ಓದಿದೋರು, ದೂರದೂರ್ನೋರು. ಅಲ್ಲೀಗಂಟ ನಮ್ಮುಡ್ಗಿ ಗೇಟು ದಾಟಂಗಿಲ್ಲ. ಆ ಎಸ್ರು ಅಲ್ಲಿಂದ ಅಳಿಸೋದ್ರೆ ಇವ್ಳು ಇಲ್ಲಿಂದ ಓಗ್ಲಿ. ಇಲ್ದಿದ್ರೆ ಕೆಲ್ಸನೂ ಬ್ಯಾಡ, ಏನೂ ಬ್ಯಾಡ."

ಸರೋಜ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಷರಟಿನ ಕಾಲರ್ ಹೊಲಿಯುತ್ತಿದ್ದಳು. ಬೆಳಿಗ್ಗೆ ಅವಳು ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುವ ಸದ್ದಿಗೆ ನಾನು ಒಲೆಯ ಮೇಲಿನ ಅನ್ನ ಇಳಿಸುತ್ತಿದ್ದೆ. ಗಡಿಯಾರ ನೋಡುವ ಅಭ್ಯಾಸ ನನಗೆ ಅಷ್ಟಿಲ್ಲ. ಆ ಮಧ್ಯಾಹ್ನ ಅವಳು ಹಿತ್ತಿಲ ಬಾಗಿಲಿನಿಂದ ನಮ್ಮ ಅಡುಗೆಮನೆಗೆ ಬಂದು, ನಾನು ಬಿಡಿಸುತ್ತಿದ್ದ ಅಲಸಂದೆಕಾಯಿಗೆ ಕೈ ಹಾಕಿ ಕೂತಳು. ಬರೆದವನು ಯಾರೆಂದು ಗೊತ್ತೇ ಎಂದು ಮೆಲ್ಲಗೆ ಕೇಳಿದೆ.

"ಗೊತ್ತಿದ್ರೆ ಅಪ್ಪನಿಗಿಂತ ಮೊದ್ಲು ನಾನೇ ಹಿಡ್ಕೊಳ್ತಿದ್ದೆ ಅಕ್ಕಾ. ಒಂದ್ ಗೆರೆ ನೆಟ್ಟಗೆ ಬರೆಯೋಕ್ ಬರಲ್ಲ, ಇವನಿಗೆ ಲವ್ ಬೇರೆ ಕೇಡು. ಇಂಥ ಕಾಲರ್ ಹೊಲಿದ್ರೆ ನಮ್ ಲೈನಲ್ಲಿ ಎಲ್ರ ಮುಂದೆ ಹೊಲಿಗೆ ಬಿಚ್ಚಿಸ್ತಾರೆ." ಒಂದು ಕಾಯಿ ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡಳು. "ಹೋದ ತಿಂಗಳಷ್ಟೇ ಕಿಟಕಿ ಪಕ್ಕದ ಮಿಷನ್ ಸಿಕ್ಕಿತ್ತು. ಅದಕ್ಕೆ ಎಷ್ಟೋ ಜನ ವರ್ಷಗಟ್ಟಲೆ ಕಾಯ್ತಾರೆ. ಟ್ಯೂಬ್‌ಲೈಟ್ ಕೆಳಗೆ ಬಿಳಿ ಬಟ್ಟೆ ನೋಡೀ ನೋಡೀ ಕಣ್ಣು ಉರೀತಿತ್ತಾ, ಈಗ ಸಾಯಂಕಾಲ ಬಿಸಿಲು ಸೀದಾ ಸೂಜಿ ಮೇಲೇ ಬೀಳುತ್ತೆ. ಹೊಲಿಗೆ ತಾನೇ ಓಡುತ್ತೆ ಅಕ್ಕಾ. ನಾನು ಇನ್ನೊಂದು ವಾರ ಹೋಗ್ದಿದ್ರೆ ಬೇರೆಯವಳನ್ನ ಕೂರಿಸ್ತಾರೆ. ಆಮೇಲೆ ಹೋದ್ರೂ ನನಗೆ ಗೋಡೆ ಪಕ್ಕದ್ದೇ."

ಸೂಜಿಯ ಮೇಲೆ ಬೀಳುವ ಬಿಸಿಲು ನನಗೆ ಅಲ್ಲೇ ಕಂಡಿತು. ಬಿಳಿ ಬಟ್ಟೆ ಅದರ ಕೆಳಗೆ ನದಿಯಂತೆ ಸರಿದುಹೋಗುವುದೂ ಕಂಡಿತು. ಎಚ್ಚರವಾದಾಗ ನಾನು ಸಿಪ್ಪೆಯನ್ನು ಬಟ್ಟಲಿಗೂ ಕಾಳನ್ನು ಮೊರಕ್ಕೂ ಹಾಕುತ್ತಿದ್ದೆ. "ನಾಳೆ ಹೋಗಿಬರ್ತೀನಿ" ಎಂದೆ. ಯಾವುದೇ ಕಚೇರಿಗೆ ನಾನಾಗಿ ಹೋಗಲು ಒಪ್ಪಿಕೊಂಡದ್ದು ಅದೇ ಮೊದಲು.

ಮುನ್ಸಿಪಾಲ್ಟಿಯ ಕಚೇರಿ ಒಂದು ಹಳೆಯ ಉಗ್ರಾಣದಂಥ ಕಟ್ಟಡದಲ್ಲಿತ್ತು. ಅದರ ಬೋರ್ಡಿನ ಮುಂದೆ ನಿಲ್ಲದೆ ಒಳಗೆ ಹೋಗುವುದು ನನ್ನಿಂದಾಗಲಿಲ್ಲ. ಒಂದು ಸಿನಿಮಾ ಪೋಸ್ಟರು, ಅದರ ಮೇಲೆ ಟ್ಯೂಷನ್ನಿನ ಚೀಟಿ, ಅದರ ಮೇಲೆ ಮೂಲವ್ಯಾಧಿಗೆ ಖಚಿತ ಪರಿಹಾರ. ಎಲ್ಲದರ ಅಡಿಯಲ್ಲಿ ಎಲ್ಲೋ ಕಚೇರಿಯ ಹೆಸರು. ಗಾಳಿ ಬಂದಾಗ ಪೋಸ್ಟರಿನ ಮೂಲೆ ಎದ್ದು, 'ಕಾರ್ಯಾ' ಎಂಬಷ್ಟು ಕಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. 'ಲಯ' ಕಾಣಲೆಂದು ಇನ್ನೊಂದು ಗಾಳಿಗೆ ಕಾಯುತ್ತ ನಿಂತವಳನ್ನು ಕಾವಲುಗಾರ ಒಳಗೆ ಕಳಿಸಿದ.

ಒಳಗೆ ಕನ್ನಡಕದ ಗುಮಾಸ್ತರೊಬ್ಬರು ನನ್ನ ಮಾತನ್ನು ಬಹಳ ಸಾವಧಾನವಾಗಿ ಕೇಳಿಸಿಕೊಂಡರು.

"ಬೋರ್ಡು ಹಾಳು ಮಾಡಿದ್ದಾರೆ ಅಂತೀರಿ. ಸಿನಿಮಾ ಪೋಸ್ಟರಾ?"

"ಅಲ್ಲ ಸಾರ್."

"ಮೂಲವ್ಯಾಧಿ?"

"ಅಲ್ಲ."

"ಪಾರ್ಟಿಯೋರದ್ದಾ? ಅದಾದ್ರೆ ಎಲೆಕ್ಷನ್ ಬಂದಾಗ ಸುಣ್ಣ ಹೊಡೀತೀವಿ."

ನಾನು ಮುಂದಕ್ಕೆ ಬಾಗಿ, ದನಿ ತಗ್ಗಿಸಿ, ಬರೆದದ್ದೇನೆಂದು ಹೇಳಿದೆ. ಅವರು ಹಿಂದಕ್ಕೆ ತಿರುಗಿ, ದನಿ ಏರಿಸಿ, ಪಕ್ಕದ ಮೇಜಿನವರನ್ನು ಕೇಳಿದರು. "ಯಾರೋ ಸರೋಜನ್ನ ಲವ್ ಮಾಡ್ತಾರಂತೆ ಕಣ್ರೀ, ನಮ್ಮ ಬೋರ್ಡ್ ಮೇಲೆ. ಯಾವ ಫೈಲಿಗೆ ಬರುತ್ತೆ?" ಇಡೀ ಕೋಣೆ ಕೆಲಸ ನಿಲ್ಲಿಸಿ ಯೋಚಿಸಿತು. ಅನಧಿಕೃತ ಜಾಹೀರಾತಿಗೆ ಬರುತ್ತದೆಂದು ಒಬ್ಬರು. ಜಾಹೀರಾತು ಅನ್ನಬೇಕಾದರೆ ಏನಾದರೂ ಮಾರಬೇಕು, ಇಲ್ಲಿ ಮಾರುವುದೇನಿದೆ ಎಂದು ಇನ್ನೊಬ್ಬರು. ಆರೋಗ್ಯ ವಿಭಾಗಕ್ಕೆ ಕಳಿಸಿ ಎಂದು ಮೂಲೆಯಲ್ಲಿದ್ದವರು ಹೇಳಿದರು. ಕೊನೆಗೆ ಕನ್ನಡಕದವರು ನನ್ನ ಕಡೆ ತಿರುಗಿದರು.

"ನೋಡಿ ಮೇಡಂ, ಹಲಗೆ ನಮ್ಮದು, ಒಪ್ತೀನಿ. ಆದ್ರೆ ವಿಷಯ ಇಬ್ಬರ ನಡುವಿನದು. ನಿಮ್ಮ ಮಾತು ಕೇಳಿ ನಾವು ಅಳಿಸಿಬಿಟ್ವಿ ಅಂತಿಟ್ಕೊಳ್ಳಿ. ನಾಳೆ ಆ ಸರೋಜ ಬಂದು, ನಂಗೆ ಬರೆದದ್ದನ್ನ ನೀವ್ಯಾರ್ರೀ ಅಳಿಸೋಕೆ ಅಂದ್ರೆ ನಾನೇನು ಹೇಳ್ಲಿ? ಯಾರಿಗೆ ತೊಂದರೆ ಆಗಿದೆಯೋ ಅವರೇ ಬಂದು ಕೇಳ್ಬೇಕು."

ಬೆಂಚಿನ ಮೇಲೆ ಕೂತು ಯೋಚಿಸಿದೆ. ಮೇಲೆ ಫ್ಯಾನು ತಿರುಗುತ್ತ, ಪ್ರತಿ ಸುತ್ತಿಗೂ ಒಂದು ಸಣ್ಣ ನಿಟ್ಟುಸಿರು ಬಿಡುತ್ತಿತ್ತು. ಸರೋಜ ಬಂದು ಕೇಳಿದರೆ ಆ ಸರೋಜ ತಾನೇ ಎಂದು ಒಪ್ಪಿದಂತೆ. ಒಪ್ಪಿದ ಮೇಲೆ ಹೆಸರು ಬೋರ್ಡಿನಿಂದ ಹೋದರೂ ಊರಿನ ಬಾಯಿಂದ ಹೋಗುವುದಿಲ್ಲ. ಕೇಳದಿದ್ದರೆ ಅಳಿಸುವುದಿಲ್ಲ. ಅಳಿಸದಿದ್ದರೆ ಗೇಟು ದಾಟುವ ಹಾಗಿಲ್ಲ. ಈ ಮೂರನ್ನೂ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಕೂರಿಸಿ ಸುತ್ತಿಸುತ್ತ ನನಗೆ ಜೋಂಪು ಹತ್ತಿತು. ಊಟದ ಹೊತ್ತಿಗೆ ಗುಮಾಸ್ತರೇ ಎಬ್ಬಿಸಿ, "ಮೇಡಂ, ಬಾಗಿಲು ಹಾಕ್ಬೇಕು" ಎಂದರು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಅವರು ಹೇಳಿದ್ದು ಸರಿ ಇದೆ. ಮಾಲು ಯಾರದೋ ಅವರೇ ಬಂದು ತಿರಸ್ಕರಿಸಬೇಕು" ಎಂದರು. ಮುಂದಿನ ದಿನಗಳು ನಿಧಾನವಾಗಿ ಹೋದವು. ಮೆಟ್ಟಿಲಿಳಿಯುವ ಸದ್ದಿಲ್ಲದೆ ನನ್ನ ಅನ್ನ ಒಂದು ದಿನ ಮುದ್ದೆಯಾಯಿತು, ಒಂದು ದಿನ ಸೀದುಹೋಯಿತು. ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಹೋದರೆ ಸರೋಜ ಅಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತಿರುತ್ತಿದ್ದಳು. ಬಿಸಿಲು ಅವಳ ಕೈಬೆರಳುಗಳ ಮೇಲೆ ಬೀಳುತ್ತಿತ್ತು, ಬೆರಳುಗಳು ಮಡಿಲಿನಲ್ಲಿ ಇಲ್ಲದ ಬಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದವು. "ಈ ಹೊತ್ತಿಗೇ ಅಕ್ಕಾ, ಅಲ್ಲಿ ಬಿಸಿಲು ಬರೋದು" ಎಂದಳು ಒಮ್ಮೆ. ನಾನು ಒಣಗಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಇಳಿದುಬಂದೆ.

ನಮ್ಮ ಕಡೆ ಮದುವೆಯಾದ ಹುಡುಗಿಗೆ ಗಂಡನ ಮನೆಯಲ್ಲಿ ಹೊಸ ಹೆಸರು ಇಡುವ ಪದ್ಧತಿ. ನನ್ನ ಹೆಸರು ಬಸಮ್ಮ. ನಮ್ಮತ್ತೆಯವರ ಹೆಸರೂ ಬಸಮ್ಮ. ಒಂದೇ ಮನೆಯಲ್ಲಿ ಇಬ್ಬರನ್ನು ಕೂಗಿದರೆ ಯಾರು ಬರಬೇಕು, ಯಾರು ಬರಬಾರದು ಎಂಬ ಗೊಂದಲವೇ ಬೇಡವೆಂದು ಹಿರಿಯರು ನನ್ನನ್ನು ಸುಮಂಗಲಾ ಮಾಡಿದರು. ಮೊದಮೊದಲು ಆ ಹೆಸರಿನಲ್ಲಿ ಕರೆದರೆ ನಾನು ತಿರುಗಿಯೇ ನೋಡುತ್ತಿರಲಿಲ್ಲ. ಹುಡುಗಿಗೆ ಕಿವಿ ಮಂದವೇ ಎಂದು ನಮ್ಮ ಮಾವನವರು ತವರಿಗೆ ಹೇಳಿ ಕಳಿಸಿದ್ದರು. ಬಸಮ್ಮ ಎಂಬ ಹೆಸರು ಆಮೇಲೆ ಎಲ್ಲಿಗೆ ಹೋಯಿತೋ. ಬೆಂಗಳೂರಿನಲ್ಲಂತೂ ಅದನ್ನು ಬಲ್ಲವರು ನಮ್ಮ ಯಜಮಾನರೊಬ್ಬರೇ. ಅಂದರೆ ನನ್ನ ಮದುವೆಯ ಹಿಂದಿನ ಜಾಗ ಈ ಊರಿನವರ ಪಾಲಿಗೆ ಖಾಲಿ ಸೈಟು. ಅಲ್ಲಿ ಯಾರು ಬೇಕಾದರೂ ಒಂದು ಬೋರ್ಡು ನೆಡಬಹುದು. ಈ ಯೋಚನೆ ಬಂದದ್ದು ರೊಟ್ಟಿ ತಟ್ಟುವಾಗ. ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಂತೆ ಅದೂ ಉಬ್ಬಿ ನಿಂತಿತು. ಇಳಿಯುವ ಮೊದಲೇ ಸೀರೆ ಬದಲಾಯಿಸಿಕೊಂಡು ಹೊರಟೆ.

ಈ ಸಲ ಗುಮಾಸ್ತರು ನನ್ನನ್ನು ಸಾಹೇಬರ ಕೋಣೆಗೇ ಕಳಿಸಿದರು. ಸಾಹೇಬರು ಸಾಧು ಮನುಷ್ಯ. "ಆ ಸರೋಜ ಅನ್ನೋರು ಬರ್ಬೇಕಿತ್ತಲ್ಲಮ್ಮ" ಎಂದರು.

"ಬಂದಾರ್ರೀ ಸಾರ್."

ಅವರು ನನ್ನ ಬೆನ್ನ ಹಿಂದೆ ನೋಡಿದರು. ಬಾಗಿಲ ಕಡೆ ನೋಡಿದರು. "ಎಲ್ಲಿ?"

"ನಾನೇ ರೀ."

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಕಿವಿಯ ಹತ್ತಿರ ಬಿಳಿಯಾದ ಕೂದಲು, ಮೊಣಕೈ ನೋವಿಗೆ ಕಟ್ಟಿದ ಪಟ್ಟಿ, ಕೈಯಲ್ಲಿ ತರಕಾರಿ ಚೀಲ. ನಾನು ಅಲುಗಾಡದೆ ನಿಂತಿದ್ದೆ. "ಬರೆದು ತುಂಬ ಕಾಲ ಆಯ್ತಾ?" ಎಂದು ಅವರು ಗೌರವದಿಂದ ಕೇಳಿದರು.

"ಹೋದ ವಾರ."

"ಓ," ಎಂದರು ಸಾಹೇಬರು. "ಕಾಲ ಹೇಗಾಯ್ತು ನೋಡಿ. ವಯಸ್ಸು ಅಂತಾನೂ ನೋಡಲ್ಲ" ಎಂದು ಗಂಟೆ ಒತ್ತಿ, ನಾಳೆಯೇ ಪೇಂಟರನ್ನು ಕಳಿಸಲು ಹೇಳಿದರು. ಅರ್ಜಿಯ ಕೆಳಗೆ 'ಸರೋಜ' ಎಂದು ಸಹಿ ಮಾಡಿದೆ. ಹೊಸ ಚಪ್ಪಲಿ ಹಾಕಿಕೊಂಡು ಅಂಗಡಿಯೊಳಗೇ ನಡೆದು ನೋಡಿದಂತೆ ಇತ್ತು. 'ರೋ' ಬರೆಯುವಾಗ ಪೆನ್ನು ತಾನಾಗಿ ಒಂದು ಸುತ್ತು ಹೆಚ್ಚಿಗೆ ಹೋಯಿತು.

ಮರುದಿನ ಮುನ್ಸಿಪಾಲ್ಟಿಯ ಪೇಂಟರು ಸೈಕಲ್ಲಿಗೆ ಡಬ್ಬಗಳನ್ನು ನೇತುಹಾಕಿಕೊಂಡು ನಿಜವಾಗಿಯೂ ಬಂದರು. ಬೀದಿಯೆಲ್ಲ ಸೇರಿತು. ಗಿರಣಿಯವನು ಗಿರಣಿ ನಿಲ್ಲಿಸಿ ಬಂದ. ಬೋಂಡದ ರಾಮಣ್ಣ ಬಾಣಲೆಯನ್ನು ಒಲೆಯಿಂದ ಇಳಿಸಿ, ಜಾಲರಿ ಕೈಯಲ್ಲೇ ಹಿಡಿದು ಬಂದ. ನಂಜಪ್ಪನವರು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಎದುರು ಸೈಟಿನ ಕಲ್ಲಿನ ಮೇಲೆ ಕೂತು ಆಕಾಶ ನೋಡುತ್ತಿದ್ದರು. ನಾನು ಹಿಂದೆ ನಿಂತು ಹಳದಿ ಬಣ್ಣವನ್ನು ನೋಡುತ್ತಿದ್ದೆ. ಬ್ರಷ್ಷು ಹೋದಲ್ಲೆಲ್ಲ ಹೊಸದಾಗಿ ಬೆಳಗಾದಂತಾಗುತ್ತಿತ್ತು. ಮೊದಲು 'ಯೂ' ಮುಳುಗಿತು, ಆಮೇಲೆ 'ಲವ್'. 'ಸರೋಜ' ಎಂಬುದು ಮೂರು ಕೈ ಬಣ್ಣ ಬಳಿದರೂ ಒಳಗಿನಿಂದ ಕಂದಾಗಿ ಇಣುಕುತ್ತಲೇ ಇತ್ತು. ನಾಲ್ಕನೆಯದಕ್ಕೆ ಅದೂ ಹೋಯಿತು. ಆ ಹಳದಿಯೊಳಗೆ ನಾನು ಎಷ್ಟು ದೂರ ಹೋಗಿದ್ದೆನೆಂದರೆ, ಪೇಂಟರು ಕೈ ಒರೆಸಿಕೊಂಡು ಜೇಬಿನಿಂದ ಕಾಗದ ತೆಗೆದು ಮೊದಲ ಸಲ ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ಎರಡನೆಯ ಸಲ ಕೇಳಿಸಿತು.

"ಯಾರಮ್ಮಾ ಇಲ್ಲಿ ಸರೋಜ ಅನ್ನೋರು? ಕೆಲಸ ಆಯ್ತು ಅಂತ ಸೈನ್ ಹಾಕ್ಬೇಕು. ಅವ್ರೇ ಕಂಪ್ಲೇಂಟ್ ಕೊಟ್ಟಿರೋದು."

ಕಚೇರಿಯಲ್ಲಿ ಸಹಿ ಮಾಡುವಾಗ ಈ ಎರಡನೆಯ ಸಹಿಯನ್ನು ನಾನು ಎಣಿಸಿರಲಿಲ್ಲ. ಗಿರಣಿಯವನು ತನ್ನ ತಾಯಿಯಲ್ಲವೆಂದು ತಲೆಯಾಡಿಸಿದ. ತೊಟ್ಟಿಲಲ್ಲಿರುವವರು ಕಂಪ್ಲೇಂಟು ಕೊಡುವುದಿಲ್ಲ. ಬೀದಿಯ ಕಣ್ಣುಗಳು ಒಂದೊಂದಾಗಿ ಬೋರ್ಡಿನಿಂದ ಎದ್ದು, ನಮ್ಮ ಮನೆಯ ಗೇಟು ಹತ್ತಿ, ಮೆಟ್ಟಿಲು ಹತ್ತಿ, ತಾರಸಿಯ ಕಡೆ ಹೊರಟವು. ಅಲ್ಲಿ ಸರೋಜ ಅಂಚಿನ ಗಿಡ್ಡ ಗೋಡೆ ಹಿಡಿದು ನಿಂತಿದ್ದಳು. ನಂಜಪ್ಪನವರು ಕಲ್ಲಿನಿಂದ ಅರ್ಧ ಎದ್ದು, ಅರ್ಧದಲ್ಲೇ ಉಳಿದರು.

"ನಾನು," ಎಂದೆ.

ಕಣ್ಣುಗಳೆಲ್ಲ ಮೆಟ್ಟಿಲಿಳಿದು ವಾಪಸು ಬಂದವು. ನಾನು ಮುಂದೆ ಹೋಗಿ ಪೇಂಟರ ಕೈಯಿಂದ ಕಾಗದ ತೆಗೆದುಕೊಂಡು, ಸೈಕಲ್ಲಿನ ಸೀಟಿನ ಮೇಲಿಟ್ಟು ಸಹಿ ಹಾಕಿದೆ. 'ರೋ' ಈ ಸಲ ಸರಿಯಾಗಿ ಸುತ್ತಲಿಲ್ಲ.

"ನಿಮ್ಮ ಹೆಸರು ಸುಮಂಗಲಾ ಅಲ್ವಾ ಮೇಡಂ?" ಎಂದ ರಾಮಣ್ಣ, ಜಾಲರಿ ನನ್ನ ಕಡೆ ಚಾಚಿ.

"ಅದು ಗಂಡನ ಮನೆಯಲ್ಲಿ ಇಟ್ಟದ್ದು. ತವರಿನಲ್ಲಿ ಸರೋಜ."

ರಾಮಣ್ಣ ಯೋಚಿಸಿದ. ದಿನವಿಡೀ ಒಲೆಯ ಮುಂದೆ ಕೂರುವವರಿಗೆ ಯೋಚಿಸಲು ಸಮಯ ಬಹಳ. "ಹಂಗಾದ್ರೆ ಬರ್ದಿರೋರು ನಿಮ್ಮ ತವರಿನ ಕಡೆಯೋರೇ ಆಗಿರ್ಬೇಕು," ಎಂದ. "ಇಲ್ಲಿಯೋರಿಗೆ ಆ ಹೆಸ್ರೇ ಗೊತ್ತಿಲ್ವಲ್ಲ."

ಇದನ್ನು ನಾನು ಯೋಚಿಸಿರಲಿಲ್ಲ. ಬೀದಿಯವರೆಲ್ಲ ನನ್ನನ್ನು ಹೊಸದಾಗಿ ನೋಡಿದರು. ಯಾರೂ ನಗಲಿಲ್ಲ. ಗಿರಣಿಯವನ ಹೆಂಡತಿ ನನ್ನ ಹತ್ತಿರ ಬಂದು, "ಪಾಪ ಕಣಕ್ಕ, ಅಷ್ಟು ದೂರದಿಂದ ಹುಡುಕ್ಕೊಂಡು ಬಂದವ್ರೆ" ಎಂದಳು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಊಟದ ಡಬ್ಬಿಯ ಸದ್ದಾಯಿತು. ಸರೋಜ ಗೇಟಿನ ಹತ್ತಿರ ನಿಂತು, ನಮ್ಮ ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿ ಹೋದಳು. ಸಂಜೆ ಬಂದವಳು, "ಸಿಕ್ತು ಅಕ್ಕಾ. ಬೇರೆಯವಳು ಕೂತಿದ್ಲು, ಎಬ್ಬಿಸಿದ್ರು" ಎಂದಳು. ಮರುದಿನ ನಮ್ಮ ಹೊಸ್ತಿಲ ಮೇಲೆ ನಂಜಪ್ಪನವರು ಇಟ್ಟುಹೋದ ಒಂದು ಹಲಸಿನ ಹಣ್ಣಿತ್ತು. ಯಜಮಾನರಿಗೆ ವಿಷಯ ಕಾರ್ಖಾನೆಯ ಬಸ್ಸಿನಲ್ಲೇ ತಿಳಿದಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದರು.

"ನಿನ್ನ ಹೆಸರು ಬಸಮ್ಮ ಅಲ್ವಾ?"

"ಹೂಂ."

"ಮತ್ತೆ ಸರೋಜ ಯಾವಾಗ ಆದಿ?"

"ಮುನ್ಸಿಪಾಲ್ಟಿಯಾಗೆ."

ಅವರು ನನ್ನನ್ನು ಕೆಲಹೊತ್ತು ಅಳೆದರು. ನಂತರ ಪೇಪರು ಎತ್ತಿಕೊಂಡರು. ಯಾವ ಡಬ್ಬಕ್ಕೆ ಹಾಕಿದರೋ ಹೇಳಲಿಲ್ಲ.

ಆಮೇಲಿನ ದಿನಗಳನ್ನು ನಾನು ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ. ಬೀದಿ ಆ ತವರಿನ ಕಡೆಯವರನ್ನು ಮರೆಯಲಿಲ್ಲ. ಹೆಂಗಸರು ನಲ್ಲಿಯ ಹತ್ತಿರ ನನಗೆ ಜಾಗ ಬಿಡುತ್ತಿದ್ದರು. ಅವರು ಅಧ್ಯಾಪಕರಿರಬೇಕು ಎಂದು ಒಬ್ಬಳು, ಅಕ್ಷರ ಹಾಗಿರಲಿಲ್ಲ ಎಂದು ಇನ್ನೊಬ್ಬಳು. ವಯಸ್ಸಾಗಿ ಕೈ ನಡುಗಿ ಗೆರೆ ಇಳಿಜಾರಾಗಿದೆ ಎಂದು ಕೊನೆಗೆ ತೀರ್ಮಾನವಾಯಿತು. ಅದನ್ನು ಕೇಳಿ ನನಗೂ ಕರುಳು ಚುರುಕ್ಕೆಂದಿತು. ಸಂಜೆ ಬೋರ್ಡಿನ ಮುಂದೆ ನಿಂತರೆ ಈಗ ನೋಡಲು ಖಾಲಿ ಹಳದಿಯಷ್ಟೇ ಇತ್ತು. ಆದರೆ ಆ ಹಳದಿಯಲ್ಲಿ ದಾವಣಗೆರೆಯ ಬಸ್ಸೊಂದು ಬಂದು ನಿಲ್ಲುತ್ತಿತ್ತು. ಅದರಿಂದ ಒಬ್ಬರು ಇಳಿಯುತ್ತಿದ್ದರು, ಬಿಳಿ ಪಂಚೆ, ಇಸ್ತ್ರಿಯ ಜುಬ್ಬ, ಬಗಲಲ್ಲಿ ಕೊಡೆ. ವಿಳಾಸ ಕೇಳುತ್ತ, ತಿರುಗಿಸಿಟ್ಟ ಬಾಣವನ್ನು ನಂಬಿ ಮೊದಲು ಕೆರೆಗೆ ಹೋಗಿ, ನೀರು ನೋಡಿ, ಅಲ್ಲಿಂದ ನಮ್ಮ ತಿರುವಿಗೆ ಬರುತ್ತಿದ್ದರು. ನಮ್ಮ ಊರಿನಲ್ಲಿ ಅಂಥವರು ಒಬ್ಬರೂ ಇರಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದರಿಂದ ಅವರಿಗೇನೂ ತೊಂದರೆಯಾಗಲಿಲ್ಲ, ದಿನಾ ಬರುತ್ತಿದ್ದರು.

ಒಂದು ಮಧ್ಯಾಹ್ನ ಹಿಟ್ಟು ಮಾಡಿಸಿಕೊಂಡು ಬರುವಾಗ ನೋಡುತ್ತೇನೆ, ಹಳದಿಯ ಮೇಲೆ, ಮೂಲೆಯಲ್ಲಿ, ಸೀಮೆಸುಣ್ಣದಲ್ಲಿ ಸಣ್ಣಗೆ ಏನೋ ಇದೆ. ಅದೇ ಎಡಗಡೆಯ ಧೈರ್ಯ, ಅದೇ ಬಲಗಡೆಯ ಇಳಿಜಾರು. ಹತ್ತಿರ ಹೋಗಿ ಓದಿದೆ.

'ಸಾರಿ ಆಂಟಿ'.

ಬಸ್ಸು ಅಲ್ಲೇ ನಿಂತುಹೋಯಿತು. ಪಂಚೆಯವರು ಇಳಿಯಲಿಲ್ಲ. ಬರೆದವನು ಒಳ್ಳೆಯ ಹುಡುಗ, ಅದರಲ್ಲಿ ನನಗೆ ಅನುಮಾನವಿಲ್ಲ. ತನ್ನಿಂದ ಒಬ್ಬ ಹಿರಿಯ ಹೆಂಗಸಿಗೆ ತೊಂದರೆಯಾಯಿತಲ್ಲ ಎಂದು ಪಾಪ ಎಷ್ಟು ನೊಂದಿದ್ದನೋ. ಆದರೆ ದಾವಣಗೆರೆಯಿಂದ ಬಂದವರು ಆಂಟಿ ಎನ್ನುವುದಿಲ್ಲ. ಅದನ್ನು ಬೀದಿ ಓದಿದರೆ, ರಾಮಣ್ಣ ಓದಿ ಯೋಚಿಸಿದರೆ, ನಲ್ಲಿಯ ಹತ್ತಿರದ ನನ್ನ ಜಾಗದ ಗತಿ ಏನು. ಹಿಟ್ಟಿನ ಡಬ್ಬ ಕೆಳಗಿಟ್ಟೆ. ಗಿರಣಿಯವನು ನೋಡುತ್ತಿದ್ದ, ಎರಡನೆಯ ಪಾಳಿಗೆ ಹೊರಟ ಹುಡುಗರು ಎದುರಿನಿಂದಲೇ ಬರುತ್ತಿದ್ದರು. ಅರ್ಜಿಯಿಲ್ಲ, ಸಾಹೇಬರಿಲ್ಲ, ನಡು ಹಗಲಿನಲ್ಲಿ, ಎಲ್ಲರ ಕಣ್ಣೆದುರು, ಸೆರಗಿನ ತುದಿಯಿಂದ ಒಂದೇ ಸಲಕ್ಕೆ ಒರೆಸಿಬಿಟ್ಟೆ.

ಸಂಜೆ ಯಜಮಾನರು, "ಸೆರಗಿಗೆ ಏನು ಬಿಳೀದು?" ಎಂದರು.

"ಹಿಟ್ಟು," ಎಂದೆ. ಅವರು ಬೆರಳಿನಿಂದ ಮುಟ್ಟಿ, ತಿಕ್ಕಿ ನೋಡಿ, ಪೇಪರು ಎತ್ತಿಕೊಂಡರು.